ಹಾರ ಬೀಳದ ಪಟ

"ಅಲ್ಲಾಡಬೇಡಿ ಅಂದೆನಲ್ಲ."

"ಅಲ್ಲಾಡ್ನಿಲ್ಲ ಮೇಡಂ. ಉಸ್ರಾಡ್ದೆ."

"ಉಸಿರಾಡುವಾಗ ಹುಬ್ಬು ಯಾಕೆ ಮೇಲೆ ಹೋಗುತ್ತೆ?"

"ಅದು ಉಬ್ಬಿನ್ ಸ್ವಭಾವ ಮೇಡಂ, ನಾನೇನ್ ಮಾಡ್ಲಿ."

ಇಂಥವನನ್ನು ಎದುರಿಗೆ ಕೂರಿಸಿಕೊಂಡು ವೀರಯೋಧನ ಪಟ ಬರೆಯಬೇಕಿತ್ತು. ನಾನು ಜಯಶೀಲ, ಕಿರಂಗೂರಿನ ಪಕ್ಕದ ಹಳ್ಳಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಎನ್‌ಸಿಸಿ ಮೇಷ್ಟ್ರ ಖಾಕಿ ಅಂಗಿ ಹಾಕಿಕೊಂಡು ಸ್ಟೂಲಿನ ಮೇಲೆ ಕೂತಿದ್ದವನು ಊರಿನ ಹಾಲಿನ ಡೇರಿಯ ಸೆಕ್ರೆಟರಿ ಸಿದ್ದೇಶ. ಅಂಗಿಯ ಮೇಲಿನ ಗುಂಡಿ ಅವನಿಗೆ ಸೇರುತ್ತಿರಲಿಲ್ಲ. ನಾನು ಆ ಕಡೆ ನೋಡಬಾರದು ಅಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಆ ವರ್ಷ ಟೀವಿಯಲ್ಲಿ ಕಾರ್ಗಿಲ್ ನೋಡಿ ನೋಡಿ ಊರಿನವರಿಗೆ ತಮ್ಮೂರಿನ ಚಿಕ್ಕಸ್ವಾಮಿ ದಿಢೀರನೆ ನೆನಪಾಗಿದ್ದ. ಚಿಕ್ಕಸ್ವಾಮಿ ಅಂದರೆ ಸಿದ್ದೇಶನ ಚಿಕ್ಕಪ್ಪ. ಎಪ್ಪತ್ತೊಂದರ ಯುದ್ಧದಲ್ಲಿ ಗುಂಡೇಟು ತಿಂದ ಇಬ್ಬರನ್ನು ಹೊತ್ತು ತಂದು, ಮೂರನೆಯವನಿಗಾಗಿ ಮತ್ತೆ ಹೋದವನು ತಿರುಗಿ ಬರಲಿಲ್ಲ. ಆಮೇಲೆ ಶೌರ್ಯ ಪದಕ ಬಂತು. ಅಷ್ಟು ದೊಡ್ಡ ಮನುಷ್ಯನ ಹೆಸರಿನಲ್ಲಿ ಊರು ಅಷ್ಟು ವರ್ಷ ಒಂದು ಕಲ್ಲೂ ನೆಟ್ಟಿರಲಿಲ್ಲ. ಈಗ ಪಂಚಾಯ್ತಿ ಮೆಂಬರ್ ಮುದ್ದಯ್ಯನವರು ಆಗಸ್ಟ್ ಹದಿನೈದಕ್ಕೆ ಆಳೆತ್ತರದ ಪಟದ ಅನಾವರಣ ಅಂತ ಡಂಗುರ ಹೊಡೆಸಿಬಿಟ್ಟರು. ಬರೆಯಬೇಕಾದ ನನಗೆ ಸುದ್ದಿ ಮುಟ್ಟಿದ್ದೂ ಆ ಡಂಗುರದಿಂದಲೇ.

ಬರೆಯೋಣ ಅಂದರೆ ಮುಖವೇ ಇರಲಿಲ್ಲ. ಇದ್ದದ್ದು ಒಂದೇ ಫೋಟೋ, ಚಿಕ್ಕಸ್ವಾಮಿಯ ತಾಯಿ ಬೆಟ್ಟಮ್ಮಜ್ಜಿಯ ದೇವರ ಗೂಡಿನಲ್ಲಿ. ಅದರ ಗಾಜು ಯಾವತ್ತೋ ಒಡೆದಿತ್ತು. ಅಜ್ಜಿ ಹಬ್ಬಹಬ್ಬಕ್ಕೂ ಮಗನ ಹಣೆಗೆ ಗಂಧ ಕುಂಕುಮ ಹಚ್ಚಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಹಚ್ಚಿ, ಕೊನೆಗೆ ಟೋಪಿ ಮತ್ತು ಭುಜ ಬಿಟ್ಟರೆ ಉಳಿದದ್ದೆಲ್ಲ ಪೂಜೆಯಲ್ಲೇ ಸವೆದುಹೋಗಿತ್ತು.

"ಅಜ್ಜಿಯನ್ನೇ ಕೇಳೋಣ, ಹೇಗಿದ್ದರು ಅಂತ," ಎಂದೆ.

"ಬ್ಯಾಡಿ ಮೇಡಂ, ಮುದ್ಕಿ ಅತ್ಬುಡ್ತದೆ," ಅಂದರು ಮುದ್ದಯ್ಯ. "ನಮ್ ಸಿದ್ದೇಶ ಇಲ್ವಾ? ಚಿಕ್ಕಪ್ಪನ್ ಅಚ್ಚೇಯ. ಕೂರ್ಸ್ಕಂಡು ಬರ್ದ್ಬುಡಿ."

ಹೀಗೆ ಅವನನ್ನು ನನ್ನ ತಲೆಗೆ ಕಟ್ಟಿದರು. ನಾಲ್ಕೂವರೆಗೆ ಬನ್ನಿ ಅಂದರೆ ಬಿಸಿಲು ಇಳಿದ ಮೇಲೆ ಬರುತ್ತಿದ್ದ, ಕೈಗೆಲ್ಲ ಹಾಲಿನ ವಾಸನೆ. ಕಿಟಕಿ ನೋಡಿ ಅಂದರೆ ನನ್ನನ್ನು ನೋಡುತ್ತಿದ್ದ. ನನ್ನನ್ನು ನೋಡಿ ಅಂದರೆ ನಾಚಿಕೊಂಡು ಕಿಟಕಿಯ ಕಡೆ ತಿರುಗುತ್ತಿದ್ದ. ಗದರಿದರೆ ಒಂದು ಗಳಿಗೆ ನೆಟ್ಟಗೆ ಕೂತು, ಆಮೇಲೆ ತುಟಿಯ ಒಂದು ಕೊನೆಯನ್ನು ಮಾತ್ರ ಮೇಲೆತ್ತಿ ನಗುತ್ತಿದ್ದ. ಆ ಕೊನೆಯನ್ನು ಎಷ್ಟು ಸಲ ಅಳಿಸಿ ಬರೆದೆನೋ.

"ಗಂಭೀರವಾಗಿ ನೋಡ್ರೀ. ಯುದ್ಧಕ್ಕೆ ಹೊರಟವರ ಹಾಗೆ."

"ನಾನು ಪಾಂಡವಪುರ ದಾಟಿ ಓಗಿರೋದೇ ಕಮ್ಮಿ. ಯುದ್ಧದ್ ಮೋರೆ ಎಲ್ಲಿಂದ ತರ್ಲಿ? ನೀವು ಬೈತೀರಲ್ಲ ಮೇಡಂ, ಆಗ ನಿಮ್ಗೇ ಸರ್ಯಾಗ್ ಬತ್ತದೆ ಅದು."

ನನಗೆ ನಗು ಬಂತು. ನಕ್ಕರೆ ಇವನು ಇನ್ನೂ ಹದಗೆಡುತ್ತಾನೆ ಅಂತ ಪಟದ ಹಿಂದೆ ಮುಖ ಮರೆಸಿಕೊಂಡೆ.

ನನಗೆ ಅವನು ಬೇಕಾಗಿದ್ದ. ಅದನ್ನು ಸುತ್ತಿಬಳಸಿ ಹೇಳಿ ಪ್ರಯೋಜನವಿಲ್ಲ. ಅವನು ಬಾರದ ಸಂಜೆ ಬಣ್ಣ ಕಲಸಲು ಮನಸ್ಸಾಗುತ್ತಿರಲಿಲ್ಲ. ಬಂದ ಸಂಜೆ ಕಲಸಿದ ಬಣ್ಣ ಒಣಗುವವರೆಗೂ ಮಾತೇ ಆಗುತ್ತಿತ್ತು. ಅವನಿಗೂ ನಾನು ಬೇಕು ಅಂತ ಒಮ್ಮೊಮ್ಮೆ ಖಚಿತವಾಗಿ ಅನಿಸುತ್ತಿತ್ತು, ಆದರೆ ಪುಣ್ಯಾತ್ಮ ಬಾಯಿ ಬಿಡಬೇಕಲ್ಲ. ಎಮ್ಮೆ ಹಾಲಿನ ಕೊಬ್ಬಿನಂಶದಿಂದ ಹಿಡಿದು ಕೆ.ಆರ್. ಪೇಟೆ ಬಸ್ಸಿನ ಟೈಮಿನವರೆಗೆ ಎಲ್ಲ ಮಾತಾಡುತ್ತಿದ್ದ, ಅದೊಂದನ್ನು ಬಿಟ್ಟು. ನಾನೇ ಮೊದಲು ಹೇಳಬಾರದು ಅಂತ ನನಗೂ ಹಠ.

ಪಟ ಮುಗಿಯುವ ಹೊತ್ತಿಗೆ ಒಂದು ಸಂಜೆ ಅವನು ಕಾಲರ್ ಸರಿಮಾಡಿಕೊಳ್ಳುತ್ತಾ ಕೇಳಿದ. "ಮೇಡಂ, ನಂಗೆ ನೀಲಿ ಶರ್ಟು ಒಪ್ತದಾ, ಬಿಳೀದಾ?"

"ಯಾಕೆ?"

"ಬರೋ ಗುರುವಾರ ನಾಗಮಂಗಲಕ್ಕೆ ಉಡ್ಗಿ ನೋಡಕ್ಕೆ ಕರ್ಕಂಡೋಯ್ತಾವ್ರೆ. ಅಪ್ಪಂದು ಒಂದೇ ಅಟ."

ಕುಂಚವನ್ನು ಕಪ್ಪು ಬಣ್ಣಕ್ಕೆ ಅದ್ದಿದೆ. "ನಿಮಗೆ ಇಷ್ಟ ಇದೆಯಾ?"

"ನಂದೇನ್ ಇಷ್ಟ ಮೇಡಂ. ನಾನು ಆಲು ಅಳ್ಯೋನು. ಇಷ್ಟಪಟ್ಟದ್ದೆಲ್ಲ ಸಿಕ್ತದಾ?" ಅಂದು ನನ್ನನ್ನೇ ನೋಡಿದ. ಇದಕ್ಕೆ ಹೆಣ್ಣಾದವಳು ಏನು ಉತ್ತರ ಕೊಡಬೇಕು?

"ಬಿಳಿ ಹಾಕಿಕೊಳ್ಳಿ. ಹಾಲು ಚೆಲ್ಲಿದರೂ ಗೊತ್ತಾಗಲ್ಲ," ಅಂದೆ. ಆ ಸಿಟ್ಟಿನಲ್ಲಿ ಪಟದ ಮೀಸೆ ಬೇಕಾದ್ದಕ್ಕಿಂತ ದಪ್ಪವಾಯಿತು. ಮನೆಗೆ ಹೋಗಿ ಊಟ ಮಾಡದೆ ಮಲಗಿದೆ.

ಆಗಸ್ಟ್ ಹದಿನೈದರಂದು ಬಾವುಟ ಹಾರಿದ ಮೇಲೆ ಶಾಲೆಯ ಮುಂದೆ ಊರೆಲ್ಲ ಸೇರಿತು. ಮುದ್ದಯ್ಯ ದಾರ ಎಳೆದರು, ಬಟ್ಟೆ ಜಾರಿತು, ಜನ ಚಪ್ಪಾಳೆ ತಟ್ಟಿದರು. ಮುದ್ದಯ್ಯ ದಪ್ಪನೆಯ ಸೇವಂತಿಗೆ ಹಾರ ಎತ್ತಿಕೊಂಡು ಪಟದ ಹತ್ತಿರ ಹೋದರು.

"ತಡಿಯಪ್ಪ," ಅಂದರು ಬೆಟ್ಟಮ್ಮಜ್ಜಿ. ಮುಂದಿನ ಕುರ್ಚಿಯಿಂದ ಎದ್ದು, ಕೋಲೂರಿಕೊಂಡು ಬಂದು, ಪಟಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದರು. "ಇವ್ನು ನನ್ ಮಗ ಅಲ್ಲ. ಇವ್ನು ನನ್ ಮೊಮ್ಮಗ ಸಿದ್ದೇಶ. ಬದ್ಕಿ ಬಾಳ್ಬೇಕಾದ್ ಉಡ್ಗನ್ ಪಟುಕ್ಕೆ ಆರ ಆಕ್ತೀಯೇನ್ಲಾ ಮುದ್ದ?"

"ಅಲ್ಲ ಕಣವ್ವ, ಚಿಕ್ಕಸ್ವಾಮೀನೇ. ಅಚ್ಚು ಅಂಗೇ..."

"ಎತ್ತೋಳು ನಾನಾ, ನೀನಾ?"

ಮುದ್ದಯ್ಯ ಹಾರ ಹಿಡಿದುಕೊಂಡೇ ಹಿಂದೆ ಸರಿದರು. ಅಜ್ಜಿ ಅಷ್ಟಕ್ಕೇ ಬಿಡಲಿಲ್ಲ. "ನನ್ ಮಗ ಯಾರ್ನೂ ಇಂಗೆ ನೋಡ್ದೋನಲ್ಲ. ಈ ಕಣ್ಣ ನೋಡ್ರಿ. ಮನ್ಸಿಟ್ಟು ಯಾರ್ನೋ ನೋಡ್ತಾ ಕುಂತವ್ನೆ. ಎದುರ್ಗೆ ಕುಂತು ಬರ್ದೋರ್ಯಾರು?"

ಇಡೀ ಊರು ನನ್ನ ಕಡೆ ತಿರುಗಿತು. ಹತ್ತನೇ ಕ್ಲಾಸಿನ ಹುಡುಗಿಯರು ಒಬ್ಬರನ್ನೊಬ್ಬರು ತಿವಿದುಕೊಂಡರು. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಆ ಸಂಜೆಗಳಲ್ಲಿ ಕಂಡದ್ದನ್ನು ಕಂಡ ಹಾಗೇ ಬರೆದಿದ್ದೆ, ಅಷ್ಟೇ ನನ್ನ ತಪ್ಪು. ಮಕ್ಕಳಿಗೆ ಲಾಡು ಹಂಚುತ್ತಿದ್ದ ಸಿದ್ದೇಶ ತಟ್ಟೆ ಹಿಡಿದು ನಿಂತಿದ್ದ. ಏನಾದರೂ ಹೇಳುತ್ತಾನೇನೋ ಅಂತ ನೋಡಿದೆ. ಬಾಯಿ ತುಂಬ ಲಾಡು.

ಹಾರವನ್ನು ಏನು ಮಾಡುವುದೆಂದು ತೋಚದೆ ಮುದ್ದಯ್ಯ ಪಕ್ಕದಲ್ಲಿದ್ದ ಗಾಂಧೀಜಿಯ ಪಟಕ್ಕೇ ಎರಡನೆಯದಾಗಿ ಹಾಕಿದರು. ಅಜ್ಜಿ ನನ್ನ ಕೈ ಹಿಡಿದು, "ನಡಿಯವ್ವ, ನಿನ್ ಬಣ್ಣ ಎಲ್ಲವೆ? ನಾನು ಯೋಳ್ತೀನಿ, ನೀನು ಬರಿ," ಅಂದರು. ಪಟ ಹೊತ್ತುಕೊಂಡು ಸಿದ್ದೇಶ ಹಿಂದೆ ಬಂದ.

ಡ್ರಾಯಿಂಗ್ ರೂಮಿನ ಸ್ಟೂಲಿನ ಮೇಲೆ ಕೂತು ಅಜ್ಜಿ ಸಂಜೆಯವರೆಗೂ ಹೇಳುತ್ತಾ ಹೋದರು. "ಕಿವಿ ಅಗ್ಲ. ಮೂಗ್ ಮ್ಯಾಲೆ ಎತ್ತು ತಿವ್ದಿದ್ ಗಾಯ. ಎಡಗಣ್ಣು ಒಸಿ ಸಣ್ಣದು. ನಕ್ರೆ ಆಸ್ತಿ ಓಯ್ತದೆ ಅನ್ನೋ ಅಂಗೆ ಬಿಗ್ದ ಬಾಯಿ." ನಾನು ಸಿದ್ದೇಶನ ತುಟಿಯ ಕೊನೆಯನ್ನು ಅಳಿಸಿದೆ. ಅಜ್ಜಿ ಅಳಲಿಲ್ಲ. "ಇಷ್ಟ್ ವರ್ಸದಲ್ಲಿ ಒಬ್ರಾದ್ರೂ ನನ್ನ ಕೇಳ್ನಿಲ್ಲ ಕಣವ್ವ, ನಿನ್ ಮಗ ಎಂಗಿದ್ದ ಅಂತ. ಅತ್ಬುಡ್ತಾಳೆ ಅಂತ ಎಲ್ರೂ ಬಾಯ್ ಮುಚ್ಕಂಡ್ರು."

ಆಮೇಲೆ ದನಿ ಗಡುಸಾಯಿತು. "ಇಬ್ರುನ್ನ ಒತ್ಕ ಬಂದ್ನಂತೆ. ಸಾಲ್ದಾಗಿತ್ತಾ? ಬ್ಯಾಡ ಅಂದ್ರೂ ತಿರ್ಗಾ ಓದ್ನಂತೆ. ಆ ಮೂರ್ನೇಯವ್ನೂ ಒಬ್ಳು ತಾಯಿ ಎತ್ತ ಮಗನೇಯ, ನಂಗೊತ್ತು. ಆದ್ರೂ ಇವತ್ಗೂ ನಂಗೆ ಅವ್ನ್ ಮ್ಯಾಲೆ ಕ್ವಾಪ." ಸೆರಗಿನಿಂದ ಬಾಯಿ ಒರೆಸಿಕೊಂಡರು. "ಕೊನೇ ರಜುಕ್ಕೆ ಬಂದಾಗ ಮಾಕವಳ್ಳಿ ಕಡೆ ಒಬ್ಳು ಉಡ್ಗಿ ಮ್ಯಾಲೆ ಮನ್ಸಿತ್ತು. ನಾನ್ ಓಗಿ ಕೇಳ್ಲೇನ್ಲಾ ಅಂದೆ. ಬ್ಯಾಡವ್ವ, ಮುಂದ್ಲು ರಜುಕ್ಕೆ ನಾನೇ ಅವ್ಳ್ಗೆ ಯೋಳ್ತೀನಿ ಅಂದ. ಗುಂಡ್ಗೆ ಎದ್ರುದೇ ಇದ್ದೋನು, ಅವ್ಳ್ಗೆ ಒಂದ್ ಮಾತು ಯೋಳಕ್ಕೆ ಎದ್ರುಕೊಂಡ. ಮನೇಗೆ ಪದಕ ಬಂತು, ಸೊಸೆ ಬರ್ನಿಲ್ಲ."

ಗೋಡೆಗೆ ಒರಗಿದ್ದ ಸಿದ್ದೇಶ ನೆಟ್ಟಗಾದ.

"ಮೇಡಂ, ನಾನು ಗುರುವಾರ ನಾಗಮಂಗಲಕ್ಕೆ ಓಗಲ್ಲ."

"ಯಾಕೆ?"

"ಅದೇ... ನಿಮ್ಗೆ ಗೊತ್ತಲ್ಲ."

ಇಷ್ಟೆಲ್ಲ ಕೇಳಿದ ಮೇಲೂ ಇವನದು ಇದೇ ಮಾತು. ಕುಂಚವನ್ನು ಮೇಜಿನ ಮೇಲೆ ಕುಕ್ಕಿದೆ. "ನನಗೆ ಏನೂ ಗೊತ್ತಿಲ್ಲ ಸಿದ್ದೇಶ. ನೋಡಿ ನೋಡಿ ಸಾಕಾಗಿದೆ. ಬಾಯಿ ಬಿಟ್ಟು ಹೇಳೋದಾದರೆ ಹೇಳಿ, ಇಲ್ಲದಿದ್ದರೆ ಆ ಬಿಳಿ ಶರ್ಟು ಹಾಕಿಕೊಂಡು ಹೋಗಿ."

ಅವನು ನನ್ನ ಎದುರಿಗೆ ಬಂದು ನಿಂತ. ಹುಬ್ಬು ಅಲ್ಲಾಡಲಿಲ್ಲ, ತುಟಿಯೂ ಅಲ್ಲಾಡಲಿಲ್ಲ. ಅವನು ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ನೀನು ಬೇಕು ಜಯಾ," ಅಂದ. "ಇನ್ಯಾವ್ ಉಡ್ಗೀನೂ ನಾನು ನೋಡಲ್ಲ. ಅಪ್ಪುಂಗೆ ನಾನೇ ಯೋಳ್ತೀನಿ, ಇವತ್ತೇ ಯೋಳ್ತೀನಿ. ನಿಂಗೆ ನಾನು ಬೇಕಾ?"

"ಬೇಕು," ಅಂದೆ. ಅಳು ಬರುತ್ತಿತ್ತು, ಅದಕ್ಕೇ ಜೋರಾಗಿ ಅಂದೆ. "ಇದನ್ನು ಹೇಳೋಕೆ ಇಷ್ಟು ದಿನ ಬೇಕಾಯಿತಾ ನಿನಗೆ?"

ಬೆಟ್ಟಮ್ಮಜ್ಜಿ ಅವನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಕಣ್ಣು ತುಂಬಿಕೊಂಡಿತ್ತು. ಕೋಲಿನಿಂದ ನೆಲ ಕುಟ್ಟಿದರು.

"ಆಯ್ತಲ್ಲ. ಇನ್ನು ನನ್ ಮಗನ್ ಮೂಗು ಸರಿ ಮಾಡವ್ವ, ಬೆಳಕು ಓಯ್ತದೆ."