ಎರಡನೆಯ ಪತ್ರ

ಅವಳ ಬಳಿ ಎರಡನೆಯ ಪತ್ರ ಇರಲಿಲ್ಲ.

ತರ್ಕಶಾಸ್ತ್ರದ ಒಂದು ಬಹುಮಾನಕ್ಕೆ ಅವಳ ಪಿಎಚ್‌ಡಿ ಪ್ರಬಂಧವನ್ನು ನಾಮನಿರ್ದೇಶನ ಮಾಡಲು ಎರಡು ಶಿಫಾರಸು ಪತ್ರ ಬೇಕು. ಒಂದನ್ನು ಗೈಡ್ ಮೇಡಂ ಹೋದ ವಾರವೇ ಕಳಿಸಿದ್ದರು. ಇನ್ನೊಂದನ್ನು ಪ್ರಬಂಧ ಪೂರ್ತಿ ಓದಿದವರು ಬರೆಯಬೇಕು. ಮೇಡಂ ಬಿಟ್ಟರೆ ಆ ಇನ್ನೂರ ಹನ್ನೆರಡು ಪುಟ ಓದಿದವರು ಇಬ್ಬರೇ. ಒಬ್ಬರು ಪರೀಕ್ಷಕರು, ಈ ಸಲ ಅವರೇ ಬಹುಮಾನ ಸಮಿತಿಯಲ್ಲಿದ್ದಾರೆ, ಬರೆಯುವಂತಿಲ್ಲ. ಇನ್ನೊಬ್ಬ ಪೆನ್ಸಿಲ್.

ಪೆನ್ಸಿಲ್ ಎಂದರೆ ಎದುರು ರೂಮಿನ ಲೆಕ್ಚರರ್. ಯಾರ ಬರಹ ಸಿಕ್ಕರೂ ಅಂಚಿನಲ್ಲಿ ಪೆನ್ಸಿಲ್ ಹಿಡಿದು ಜಗಳಕ್ಕಿಳಿಯುತ್ತಿದ್ದುದರಿಂದ ವಿಭಾಗವೆಲ್ಲ ಕೊಟ್ಟ ಹೆಸರು.

ಕೊನೆಯ ದಿನ, ನಾಲ್ಕು ಗಂಟೆ. ಐದಕ್ಕೆ ಪತ್ರ ಕಳಿಸುವ ಪೋರ್ಟಲ್ ಮುಚ್ಚುತ್ತದೆ. ಅವಳು ಬಾಗಿಲನ್ನೂ ತಟ್ಟದೆ ಒಳನುಗ್ಗಿದಳು.

“ಪತ್ರ ಎಲ್ಲಿ?”

“ಕೂತ್ಕೊಳ್ಳಿ...”

“ಕೂತ್ಕೊಳ್ಳೋಕೆ ಬಂದಿಲ್ಲ! ಹತ್ತು ದಿನದಿಂದ ನಾಳೆ ನಾಳೆ ಅಂತಿದ್ದೀರಿ.”

“ನನ್ನ ಕೈಲಿ ಕಳಿಸೋಕೆ ಆಗಲ್ಲ ಅನ್ಸುತ್ತೆ.”

ಅವಳ ಕಿವಿ ಬಿಸಿಯಾಯಿತು. ನಾಲ್ಕನೆಯ ಅಧ್ಯಾಯ... ಅದನ್ನು ಇವನು ನಂಬಿಯೇ ಇಲ್ಲ! ಅದರ ಅಂಚಿನ ತುಂಬ ಎಷ್ಟೊಂದು ‘ಯಾಕೆ?’ ಗೀಚಿದ್ದ...

“ಪ್ರಬಂಧ ಚೆನ್ನಾಗಿಲ್ಲ ಅಂತ ನೇರ ಹೇಳಿ. ನಾನೇನೂ ಅಳಲ್ಲ.”

“ಅಳ್ತೀರಿ. ವೈವಾ ದಿನ ಅತ್ತಿದ್ರಿ, ಅದೂ ಪಾಸಾದ್ಮೇಲೆ.”

“ಅದು ಬೇರೆ!”

ಅವಳ ಫೋನು ಹೊಡೆದುಕೊಂಡಿತು. ಅಣ್ಣ.

“ಕಳಿಸಾಯ್ತೇನೇ?”

“ಇನ್ನೇನು ಅಣ್ಣ... ಆಯ್ತು.”

ಬಹುಮಾನದ ಜೊತೆ ಎರಡು ವರ್ಷದ ಸಂಶೋಧನಾ ಹುದ್ದೆಯೂ ಇತ್ತು. ಅದು ಬರದಿದ್ದರೆ ಮುಂದಿನ ತಿಂಗಳಿಂದ ಅಣ್ಣನ ಟ್ಯೂಶನ್ ಸೆಂಟರಿನಲ್ಲಿ ಎಂಟನೇ ಕ್ಲಾಸಿಗೆ ಬೀಜಗಣಿತ. ಮುಂದಿನ ವರ್ಷ ನೋಡೋಣ ಎನ್ನುವಂತಿಲ್ಲ. ಒಂದು ಪ್ರಬಂಧಕ್ಕೆ ಒಂದೇ ಅವಕಾಶ.

ಅವನು ಕಂಪ್ಯೂಟರ್ ಪರದೆಯನ್ನು ಅವಳ ಕಡೆ ತಿರುಗಿಸಿದ. ಪತ್ರ ಅಲ್ಲಿತ್ತು! ಮೂರು ಪುಟ. ನಿಂತೇ ಓದಿದಳು. ‘ನಾಲ್ಕನೆಯ ಅಧ್ಯಾಯದ ಪ್ರಮೇಯ ತಪ್ಪೆಂದು ತೋರಿಸಲು ಏಳು ತಿಂಗಳು ಪ್ರಯತ್ನಿಸಿದೆ. ಸೋತೆ.’

“ಮತ್ತೇನು ರೋಗ ನಿಮಗೆ? ಕಳಿಸೋಕೆ?”

ಅವನು ಕೆಳಗಿನ ಸಾಲು ತೋರಿಸಿದ. ‘ನನಗೂ ಅಭ್ಯರ್ಥಿಗೂ ನಡುವೆ ಆಪ್ತ ಸಂಬಂಧವೇನೂ ಇಲ್ಲವೆಂದು ದೃಢೀಕರಿಸುತ್ತೇನೆ.’ ಪಕ್ಕದ ಚೌಕ ಖಾಲಿ.

“ಇಲ್ವಲ್ಲ! ಟಿಕ್ ಹಾಕಿ.”

“ದಿನಾ ಮೌಸ್‌ನ ಅಲ್ಲಿಗೆ ಒಯ್ತೀನಿ, ವಾಪಸ್ ತರ್ತೀನಿ.” ಅವನು ಮೇಜಿನ ಮೂಲೆ ನೋಡುತ್ತಿದ್ದ. “ನನ್ನ ಕಡೆಯಿಂದ... ಇದೆ.”

ಹೊರಗೆ ಜೆರಾಕ್ಸ್ ಮೆಶಿನ್ ಒಂದೇ ಸಮ ಗುರುಗುಡುತ್ತಿತ್ತು. ಅವಳು ಕುಳಿತಳು.

“ಆ ‘ಯಾಕೆ’ಗಳು?”

“ಉತ್ತರ ಹೇಳೋಕೆ ನೀವು ಬರ್ತಿದ್ರಿ. ಅರ್ಧ ಉತ್ತರ ನಂಗೆ ಮೊದಲೇ ಗೊತ್ತಿತ್ತು.”

“ಮೋಸಗಾರ! ನಾನು ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದೀನಿ!”

“ಈಗಲೂ ಒಂದು ದಾರಿ ಇದೆ. ಒಬ್ಬನ ತಲೇಲಿ ಮಾತ್ರ ಇರೋದನ್ನ ಆಪ್ತ ಸಂಬಂಧ ಅನ್ನೋಕಾಗಲ್ಲ. ‘ನನ್ನ ಕಡೆಯಿಂದ ಏನೂ ಇಲ್ಲ’ ಅಂದುಬಿಡಿ. ಈಗಲೇ ಟಿಕ್ ಹಾಕಿ ಕಳಿಸ್ತೀನಿ. ಆಮೇಲೆ ಈ ಮಾತೇ ಎತ್ತಲ್ಲ.”

ನಾಲ್ಕು ನಲವತ್ತು.

ಒಂದೇ ವಾಕ್ಯ. ಹೇಳಿಬಿಡು... ನಾಳೆ ಬಂದು ಸುಳ್ಳು ಅಂದರಾಯಿತು. ಜಗತ್ತೆಲ್ಲ ಹೀಗೇ ನಡೆಯುತ್ತದೆ.

ಆದರೆ ಇವನು ನಂಬಿಬಿಡುತ್ತಾನೆ! ನಂಬಿ ಟಿಕ್ ಹಾಕುತ್ತಾನೆ, ನಾಳೆಯಿಂದ ಎದುರು ರೂಮಿನಲ್ಲಿ ಬಾಗಿಲು ಮುಚ್ಚಿಕೊಂಡು ಕೂರುತ್ತಾನೆ.

ಎದ್ದಳು. ಕಿಟಕಿವರೆಗೆ ಹೋದಳು, ಬಂದಳು, ಮತ್ತೆ ಹೋದಳು. ನಾಲ್ಕು ಐವತ್ತು.

“ನನ್ನ ಕಡೆಯಿಂದ...”

ಅವನ ಬೆರಳು ಮೌಸ್ ಮೇಲಿತ್ತು. ಮುಖ ಬಿಳಿಚಿಕೊಂಡಿತ್ತು.

“...ಏನೂ ಇಲ್ಲ ಅನ್ನೋಕೆ ಬಾಯಿ ಬರ್ತಿಲ್ಲ. ದರಿದ್ರ!”

ಅವನು ಕೈ ತೆಗೆದ.

“ಇನ್ನೂ ಹತ್ತು ನಿಮಿಷ ಇದೆ. ಯೋಚನೆ ಮಾಡು.”

“ಬಹುವಚನ ಬಿಟ್ಟಾಯ್ತಾ?”

“ತಪ್ಪಾಯ್ತಾ?”

“ಇಲ್ಲ... ಸುಮ್ನೆ ಕೂತ್ಕೋ. ಗಡಿಯಾರ ನೋಡ್ಬೇಡ.”

ಇಬ್ಬರೂ ನೋಡಿದರು. ಐದಾಯಿತು. ಪರದೆಯ ಮೇಲೆ ‘ಅವಧಿ ಮುಗಿದಿದೆ’ ಎಂದು ಬಂತು. ಅವಳು ಮೇಜಿಗೆ ಹಣೆಯೂರಿ ಅತ್ತಳು. ಅವನು ಅವಳ ಕೈ ಹಿಡಿದುಕೊಂಡ.

“ಅಣ್ಣಂಗೆ ಏನಂತೀಯ?”

“ನಿಜ ಹೇಳ್ತೀನಿ. ಬೈತಾನೆ.”

“ನಾನೂ ಬರ್ಲಾ?”

“ಬಾ. ಅರ್ಧ ಬೈಗುಳ ನಿಂಗೆ.”

ಹೋದದ್ದು ಒಂದು ಬಹುಮಾನ, ಎರಡು ವರ್ಷದ ಹುದ್ದೆ.