ಬಲಗಡೆಯ ಮಡ್‌ಗಾರ್ಡು

"ಫ್ಯಾನ್ ಹಚ್ಚಬ್ಯಾಡ್ರೀ...!"

ಆ ಕೂಗು ಕಿವಿಗೆ ಬೀಳುವಷ್ಟರಲ್ಲಿ ಪ್ರಣಾಲಿಯ ಬೆರಳು ಸ್ವಿಚ್ಚು ಒತ್ತಿಯಾಗಿತ್ತು.

ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದ ಹಿತ್ತಾಳೆಯ ಚೂರುಗಳು, ಎಳ್ಳುಕಾಳಿಗಿಂತ ಒಂದಿಷ್ಟು ದೊಡ್ಡವು, ಕಾಗದಕ್ಕಿಂತ ತೆಳುವಾದವು, ಒಮ್ಮೆಲೇ ಎದ್ದು ಕೋಣೆಯ ತುಂಬ ಹಾರಿದವು. ಮೇಜಿನ ಹಿಂದೆ ಕೂತಿದ್ದವನು ಎರಡೂ ತೋಳು ಚಾಚಿ ಮೇಜಿನ ಮೇಲೆ ಬೋರಲು ಬಿದ್ದ. ಉಳಿದಷ್ಟನ್ನಾದರೂ ಕಾಪಾಡಿಕೊಳ್ಳಬೇಕಲ್ಲ, ಪಾಪ!

ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಭಾಲ್ಕಿಯಿಂದ ಬೀದರಿಗೆ ಬಂದು, ಅಲ್ಲಿಂದ ಆಟೋ ಹಿಡಿದು ನೌಬಾದ ಸೇರಿದವಳು ಫ್ಯಾನಿನ ಸ್ವಿಚ್ಚು ಹುಡುಕದೆ ಇನ್ನೇನು ಹುಡುಕುತ್ತಾಳೆ? ಆದರೂ ಕೇಳಿ ಒತ್ತಬೇಕಿತ್ತು. ಕೇಳುವುದು ಮಾತ್ರ ಅವಳ ಜಾಯಮಾನವಲ್ಲ. ಭಾಲ್ಕಿ ಬಸ್ ಸ್ಟ್ಯಾಂಡಿನ ಕಂಟ್ರೋಲ್ ರೂಮಿನಲ್ಲಿ ಮೈಕು ಹಿಡಿದು ದಿನವಿಡೀ ಬಸ್ಸುಗಳನ್ನು ಓಡಿಸುವ ಹುಡುಗಿ. ಕೋಪ ಮೂಗಿನ ತುದಿಯಲ್ಲೇ.

ಮುಂದಿನ ಒಂದು ಗಂಟೆ ಇಬ್ಬರೂ ನೆಲದ ಮೇಲೆ ಮಂಡಿಯೂರಿ, ಮೊಬೈಲಿನ ಬೆಳಕು ಹಾಯಿಸಿ ಚೂರುಗಳನ್ನು ಹೆಕ್ಕಿದರು. ಎಲ್ಲ ಸಿಕ್ಕವು, ಒಂದರ ಹೊರತು.

ಅವನ ಹೆಸರು ರತ್ನದೀಪ. ಔರಾದದ ಐಟಿಐಯಲ್ಲಿ ಫಿಟ್ಟರ್ ಕೆಲಸ ಕಲಿಸುವ ಮೇಷ್ಟ್ರು. ರಜೆಯ ದಿನಗಳಲ್ಲಿ ನೌಬಾದದ ಮನೆಯಲ್ಲಿ ಕೂತು ಸೈನ್ಯದ ಗಾಡಿಗಳ ದೊಡ್ಡ ಮಾದರಿಗಳನ್ನು ಕಟ್ಟುತ್ತಾನೆ. ಅವನ ಬಗ್ಗೆ ಅವಳಿಗೆ ಹೇಳಿದವನು ಔರಾದ ಬಸ್ಸಿನ ಕಂಡಕ್ಟರ್ ಪಂಢರಿ.

ಬೆವರು ಒರೆಸಿಕೊಳ್ಳುತ್ತ ಪ್ರಣಾಲಿ ಬಂದ ಕಾರಣ ಹೇಳಿದಳು. ಅಪ್ಪ ಏಕನಾಥ ಇಪ್ಪತ್ತು ವರ್ಷ ಸೈನ್ಯದಲ್ಲಿ ಟ್ಯಾಂಕ್ ಓಡಿಸಿದವರು. ಈಗ ಹಲಬರ್ಗಾದ ಮನೆಯಲ್ಲಿದ್ದಾರೆ. ಸಕ್ಕರೆ ಕಾಯಿಲೆ ಎರಡೂ ಕಣ್ಣು ತಿಂದುಹಾಕಿದೆ. ಆಗಸ್ಟ್ ಹದಿನೈದಕ್ಕೆ ಭಾಲ್ಕಿಯಲ್ಲಿ ಮಾಜಿ ಸೈನಿಕರಿಗೆ ಸನ್ಮಾನವಿದೆ. ಅಷ್ಟರೊಳಗೆ ಅವರು ಓಡಿಸಿದಂಥದೇ ಒಂದು ಟ್ಯಾಂಕ್ ಅವರ ಕೈಗೆ ಕೊಡಬೇಕು.

ರತ್ನದೀಪ ಕೈಯಲ್ಲಿದ್ದ ಚೂರನ್ನು ಮೇಜಿನ ಮೇಲಿಟ್ಟ.

"ಅವರು ಕೈಯಿಂದ ನೋಡ್ತಾರೇನ್ರಿ?"

ಪ್ರಣಾಲಿ ತಲೆ ಎತ್ತಿದಳು. ಇದುವರೆಗೆ ಎಲ್ಲರೂ 'ಕಣ್ಣಿಲ್ಲದವರಿಗೆ ಯಾತಕ್ಕೆ' ಎಂದೇ ಕೇಳಿದ್ದರು.

"ಹಾಂಗಿದ್ರ ಗಮ್ ನಡೆಯಂಗಿಲ್ರಿ. ಬೆರಳು ತಾಕಿದ್ರ ಕಿತ್ತು ಬರ್ತದ. ಎಲ್ಲಾ ಬೆಸಿಗಿನೇ ಹಾಕಬೇಕು. ಟೈಮ್ ಹಿಡೀತದ."

ಹಿಡಿಯಲಿ ಎಂದಳು. ಕಳೆದುಹೋದ ಚೂರನ್ನು (ಹೆಡ್‌ಲೈಟಿನ ಮುಂದೆ ಕೂರಿಸುವ ಜಾಳಿ, ಅಂದರೆ ಪುಟ್ಟ ಜಾಲರಿ) ಹುಡುಕಲು ಮುಂದಿನ ಭಾನುವಾರ ಮತ್ತೆ ಬರುತ್ತೇನೆ ಎಂದೂ ತಾನೇ ಹೇಳಿದಳು.

ಬಂದಳು. ಅದರ ಮುಂದಿನ ಭಾನುವಾರವೂ ಬಂದಳು. ಮೊದಲ ಅರ್ಧ ಗಂಟೆ ನೆಲ ಹುಡುಕುವುದು, ಆಮೇಲೆ ಅವನ ತಾಯಿ ಅಂಜನಾಬಾಯಿ ತಂದಿಟ್ಟ ಚಹಾ ಕುಡಿಯುತ್ತ ಅವನ ಕೈಗಳನ್ನೇ ನೋಡುವುದು. ತಗಡಿನಿಂದ ಚೂರನ್ನು ಬ್ಲೇಡಿನಿಂದ ಬಿಡಿಸಿ, ಅಂಚು ಉಜ್ಜಿ, ಚಿಮಟದಲ್ಲಿ ಮಡಚಿ, ಉಸಿರು ಬಿಗಿಹಿಡಿದು ಬೆಸೆಯುತ್ತಿದ್ದ. ಸಲಾಕೆಗಳನ್ನು ಹಿಡಿದಿಡುವ ಕೊಂಡಿಗಳು, ಎಂಜಿನ್ನಿನ ಮೇಲಿನ ಜಾಲರಿ... ಒಂದು ಭಾನುವಾರಕ್ಕೆ ಒಂಬತ್ತು ಚೂರು ಕೂತರೆ ಅದೇ ಹಬ್ಬ.

ಅಂಗಡಿಯಲ್ಲಿ ಸಿಗುವ ಮಾದರಿಯ ಪೆಟ್ಟಿಗೆಯಲ್ಲಿ ಈ ಭಾಗಗಳೆಲ್ಲ ಪ್ಲಾಸ್ಟಿಕ್ಕಿನಲ್ಲೇ ಇರುತ್ತವಲ್ಲ, ಹಿತ್ತಾಳೆ ಯಾಕೆ ಎಂದು ಕೇಳಿದಳು ಒಮ್ಮೆ.

"ಪ್ಲಾಸ್ಟಿಕ್ ದಪ್ಪ ಇರ್ತದ್ರಿ. ಬಗ್ಗಿಸಿದ್ರ ಮುರೀತದ. ಖರೇ ಗಾಡಿ ತಗಡು ಹ್ಯಾಂಗ ಬಗ್ತದ, ಹಾಂಗ ಬಗ್ಗೂದು ಹಿತ್ತಾಳಿನೇ."

ಅವಳು ಹೂಂ ಎಂದಳು. ಕೇಳಿದ್ದು ಮಾತಲ್ಲ, ದನಿ. ಇಂಥ ವಯಸ್ಸಿನಲ್ಲಿ ಹಾಗೇ ಆಗುತ್ತದೆ, ಬಿಡಿ.

ಮೂರನೆಯದೋ ನಾಲ್ಕನೆಯದೋ ಭಾನುವಾರ ಅವಳು ಮನಸ್ಸಿನ ಗಂಟು ಬಿಚ್ಚಿದಳು. ತಾನು ಹುಟ್ಟಿದಾಗ ಅಪ್ಪ ಬರಲಿಲ್ಲ. ಏಳು ತಿಂಗಳಾಗಿ, ಅವಳು ಎದ್ದು ಕೂರುವಂತಾದ ಮೇಲೆ ಬಂದರು. ಅವ್ವ ತೀರಿಕೊಳ್ಳುವವರೆಗೂ ಆ ಮಾತು ಆಡಿಕೊಂಡಳು. ಅಪ್ಪ ಒಂದು ಸಲವೂ ಉತ್ತರ ಕೊಡಲಿಲ್ಲ. ಮಗಳ ಜೊತೆ ಊಟ, ಔಷಧ, ಬಸ್ಸಿನ ಟೈಮು, ಅಷ್ಟೇ ಮಾತು.

"ಟ್ಯಾಂಕ್ ಮೊದಲು, ನಾ ಆಮ್ಯಾಲ. ಇರ್ಲಿ. ಆ ಟ್ಯಾಂಕೇ ಕೈಯಾಗ ಕೊಟ್ರ ನನ್ನ ಜೋಡಿ ನಾಕ್ ಮಾತು ಆಡ್ತಾರೇನೋ ಅಂತ..."

ಮುಂದೆ ಆಗಲಿಲ್ಲ. ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡಳು. ರತ್ನದೀಪ ಚಿಮಟ ಕೆಳಗಿಟ್ಟು, ನೀರಿನ ಲೋಟ ಅವಳತ್ತ ಸರಿಸಿದ. 'ಈ ಮನುಷ್ಯನ ಎದುರು ಅಳಬಹುದು' ಎಂದು ಅವಳಿಗೆ ಅನ್ನಿಸಿದ್ದು ಆವತ್ತು.

ಜುಲೈನಲ್ಲಿ ಅವನು ಅರ್ಧ ಮುಗಿದ ಗಾಡಿಯನ್ನು ಹಲಬರ್ಗಾಕ್ಕೆ ತಂದ. ಒಂದೂವರೆ ಅಡಿಯ ಮೈ, ಅದರಾಚೆ ಚಾಚಿದ ತೋಪು. "ಜೈ ಭೀಮ್ ಕಾಕಾ" ಎಂದು ಕಾಲು ಮುಟ್ಟಿ, ಜಗುಲಿಯ ಮೇಲೆ ಏಕನಾಥರ ಪಕ್ಕ ಕೂತ. ಪ್ರಣಾಲಿ ಚಹಾ ಮಾಡಿ ತರುವಷ್ಟರಲ್ಲಿ ಇಬ್ಬರ ಮಾತು ನಿಂತುಹೋಯಿತು. ಅಪ್ಪನ ರೆಪ್ಪೆ ಒದ್ದೆಯಾಗಿತ್ತು. ಏನೆಂದು ಕೇಳಿದರೆ ಇಬ್ಬರೂ ಬಾಯಿ ಬಿಡಲಿಲ್ಲ.

ಆಗಸ್ಟ್ ಹದಿಮೂರು. ಗಾಡಿ ತಯಾರಾಗಿದೆ ಎಂದು ಫೋನು ಬಂತು. ಪ್ರಣಾಲಿ ಡ್ಯೂಟಿ ಬದಲಿಸಿಕೊಂಡು, ಹೊಸ ಚೂಡಿದಾರ ತೊಟ್ಟು ಓಡಿಬಂದಳು. ಅವನು ಬಟ್ಟೆ ಸರಿಸಿದ.

ಎಷ್ಟು ಚಂದ! ಒಂದೊಂದು ಸರಪಳಿ, ಒಂದೊಂದು ಕೊಂಡಿ... ಅವಳ ಕಣ್ಣು ಹಿಂದಿನಿಂದ ಮುಂದಕ್ಕೆ ಬಂತು. ಬಲಗಡೆಯ ಮಡ್‌ಗಾರ್ಡಿನ ಹತ್ತಿರ ನಿಂತಿತು.

ಅದು ನಜ್ಜುಗುಜ್ಜಾಗಿತ್ತು. ಅಂಚು ಒಳಕ್ಕೆ ಮಡಚಿ, ತುದಿ ಮೇಲಕ್ಕೆ ಸೊಟ್ಟಗಾಗಿತ್ತು.

"ಇದೇನ್ರಿ ಇದು? ಬೀಳಿಸಿದ್ರೇನು?"

"ಇಲ್ರಿ. ನಾನೇ ಹಾಂಗ ಮಾಡೀನಿ."

"ಯಾಕ?"

ಅವನು ಸರಿಸಿದ ಬಟ್ಟೆಯನ್ನು ಮಡಚತೊಡಗಿದ. "ಕಾಕಾಗ ಕೊಡ್ರಿ. ಅವರ ಕೈ ನೋಡ್ಲಿ."

ನಾಡಿದ್ದು ವೇದಿಕೆಯ ಮೇಲೆ ಎಲ್ಲರೆದುರು ಈ ಸೊಟ್ಟ ಗಾಡಿ! ಪ್ರಣಾಲಿ ಬಾಯಿಗೆ ಬಂದದ್ದನ್ನು ಅಂದೇಬಿಟ್ಟಳು.

"ಕುರುಡರಿಗೇನು ತಿಳೀತದ, ಹ್ಯಾಂಗ ಕೊಟ್ರೂ ನಡೀತದ ಅಂತ ತಿಳ್ಕೊಂಡ್ರಲ್ಲ? ನಿಮ್ಮನ್ನ ನಂಬಿದ್ದು ನನ್ನ ಗಲತಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರತ್ನದೀಪ ಗಾಡಿಯನ್ನು ಹತ್ತಿ ತುಂಬಿದ ಡಬ್ಬದಲ್ಲಿಟ್ಟು, ಡಬ್ಬವನ್ನು ಅವಳ ಆಟೋದವರೆಗೂ ತಾನೇ ಹೊತ್ತು ತಂದ.

ಮನೆ ತಲುಪಿದವಳೇ ಪ್ರಣಾಲಿ ಹುಬ್ಬಿನ ಚಿಮಟ ಹುಡುಕಿದಳು. ಬಗ್ಗಿದ್ದನ್ನು ತಾನೇ ನೆಟ್ಟಗೆ ಮಾಡುವ ಹಟ. ಡಬ್ಬ ತೆರೆದ ಸದ್ದಿಗೆ ಏಕನಾಥರು ಗೋಡೆ ಹಿಡಿದು ಬಂದರು.

"ಬಂತೇನು? ಕೊಡು ಇಲ್ಲಿ."

"ತಡೀರಿ ಅಪ್ಪಾ, ಮುಂದ ಜರಾ ಕೆಟ್ಟದ..."

ಅವರು ಕೇಳಲಿಲ್ಲ. ಗಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸಿದರು. ಜಾಲರಿ, ಸರಪಳಿ, ತೋಪು. ಒಂದೂ ಅಲುಗಲಿಲ್ಲ. ಬೆರಳು ಮುಂದಕ್ಕೆ ಬಂದು ಆ ಬಗ್ಗಿದ ಅಂಚಿನ ಮೇಲೆ ನಿಂತಿತು.

"ಬಲಗಡಿ," ಎಂದರು. "ಬಲಗಡಿನೇ ಮಾಡ್ಯಾನ. ನನ್ನ ಗಾಡಿನೇ ಇದು."

ಪ್ರಣಾಲಿ ಚಿಮಟ ಕೆಳಗಿಟ್ಟಳು.

"ರಾಜಸ್ಥಾನದಾಗ ಇದ್ದೆ ಬೇಟಾ. ಮುಂಜಾನಿ ಮನಿಯಿಂದ ತಾರ್ ಬಂತು, ಹೆಣ್ಣು ಹುಟ್ಯಾದ ಅಂತ. ಮಧ್ಯಾಹ್ನ ಧೂಳಿನಾಗ ಗಾಡಿ ಮುಂದ ಒಂದು ಹುಡುಗಿ ಬಂದ್ಳು, ಆಡಿನ ಮರಿ ಹಿಡ್ಕೊಂಡು. ಬಲಕ್ಕ ಎಳದೆ. ಕಲ್ಲಿನ ಗ್ವಾಡಿಗಿ ಹೊಡೀತು. ಹುಡುಗಿಗಿ ಏನೂ ಆಗ್ಲಿಲ್ಲ. ವಿಚಾರಣಿ ಮುಗಿಯೋತನ ಸೂಟಿ ಇಲ್ಲ ಅಂದ್ರು. ನನ್ನ ಗಲತಿ ಇಲ್ಲ ಅಂತ ಬರಿಯೋದ್ರಾಗ ಏಳು ತಿಂಗಳಾಗಿತ್ತು."

"ಯಾಕ ಹೇಳಲಿಲ್ಲಪ್ಪಾ? ಅವ್ವಗರ ಹೇಳಬೇಕಿತ್ತು..."

"ಬರಲಿಲ್ಲ ಅಂಬೋದು ಖರೇನೇ ಇತ್ತಲ್ಲ. ಕಾರಣ ಹೇಳಿ ನಿಮ್ಮ ಸಿಟ್ಟು ಕಸ್ಕೋಬೇಕೇನು?" ಅವರ ಬೆರಳು ಇನ್ನೂ ಆ ಅಂಚಿನ ಮೇಲೇ ಇತ್ತು. "ಗಾಡಿ ರಿಪೇರಿಗಿ ಹೋಗೋತನ ದಿನಾ ಮುಂಜಾನಿ ಈ ಜಾಗ ಮುಟ್ಟಿ ಹತ್ತತಿದ್ದೆ. ನಿನ್ನ ಮುಖ ನೋಡಿದ್ದಿಲ್ಲ... ಇದನ್ನೇ ಮುಟ್ತಿದ್ದೆ."

ಪ್ರಣಾಲಿ ಅಪ್ಪನ ಮಡಿಲಲ್ಲಿ, ಆ ಗಾಡಿಯ ಪಕ್ಕದಲ್ಲಿ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಇಪ್ಪತ್ತೇಳು ವರ್ಷದ ಗಂಟು, ಅಷ್ಟು ಬೇಗ ಬಿಚ್ಚುತ್ತದೆಯೇ! ಅತ್ತು ಮುಗಿದ ಮೇಲೆ ಅಪ್ಪ ಇನ್ನೊಂದು ಮಾತು ಹೇಳಿದರು. ಮಗಳಿಗೆ ನಾನೇ ಹೇಳುತ್ತೇನೆ, ನೀನು ಹೇಳಬೇಡ ಎಂದು ಆ ಹುಡುಗನಿಂದ ಮಾತು ತೆಗೆದುಕೊಂಡಿದ್ದರಂತೆ.

ಅಷ್ಟು ಬೈದರೂ ಅವನು ಕೊಟ್ಟ ಮಾತು ಮುರಿಯಲಿಲ್ಲ...

ಸನ್ಮಾನ ಮುಗಿಯಿತು. ವೇದಿಕೆಯ ಮೇಲೆ ಏಕನಾಥರು ಗಾಡಿಯನ್ನು ಕಂಕುಳಲ್ಲಿ ಕೂಸಿನಂತೆ ಹಿಡಿದು ನಿಂತಿದ್ದರು. ಕರೆದಿದ್ದರೂ ರತ್ನದೀಪ ಬರಲಿಲ್ಲ. ಫೋನೂ ಎತ್ತಲಿಲ್ಲ.

ಸೋಮವಾರ ಪ್ರಣಾಲಿ ರಜೆ ಹಾಕಿದಳು. ಔರಾದದ ಬಸ್ಸನ್ನು ದಿನಕ್ಕೆ ಹತ್ತು ಸಲ ಮೈಕಿನಲ್ಲಿ ಕರೆಯುವವಳು ಮೊದಲ ಬಾರಿ ಅದನ್ನು ತಾನೇ ಹತ್ತಿದಳು. ಟಿಕೆಟ್ ಹರಿಯುತ್ತ ಪಂಢರಿ ಮುಸಿಮುಸಿ ನಕ್ಕ. ಎಲ್ಲಿಗೆ, ಯಾಕೆ ಎಂದು ಕೇಳಲಿಲ್ಲ, ಪುಣ್ಯಾತ್ಮ.

ಊಟದ ಬಿಡುವು. ಐಟಿಐಯ ವರ್ಕ್‌ಶಾಪಿನಲ್ಲಿ ರತ್ನದೀಪ ಒಬ್ಬನೇ ಇದ್ದ. ಅವಳನ್ನು ನೋಡಿ ಎದ್ದು ನಿಂತ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಪ್ರಣಾಲಿಗೆ ಮರೆತುಹೋಯಿತು.

"ತಪ್ಪಾಯ್ತ್ರಿ," ಎಂದಳು. "ಆ ಮಾತು ನಾ ಆಡಬಾರದಿತ್ತು."

"ನೀವು ಅಪ್ಪನ ಸಲುವಾಗಿ ಬೈದ್ರಿ. ಅದಕ್ಕ ಸಿಟ್ಟಿಲ್ರಿ. ನಾಕ್ ತಿಂಗಳು ನನ್ನ ಕೈ ನೋಡಿದಾಕಿ... ಹಿಂಗ ತಿಳ್ಕೊಂಡ್ಳಲ್ಲ ಅಂತ ಸಂಕಟ ಆಯ್ತು."

ಅವಳು ಕರವಸ್ತ್ರದ ತುದಿಯ ಗಂಟು ಬಿಚ್ಚಿ ಅಂಗೈ ಚಾಚಿದಳು. ಅದರ ನಡುವೆ ಎಳ್ಳುಕಾಳಿಗಿಂತ ಒಂದಿಷ್ಟು ದೊಡ್ಡ ಹಿತ್ತಾಳೆಯ ಜಾಳಿ ಮಿನುಗುತ್ತಿತ್ತು.

"ಇದು... ಆವತ್ತು ಹಾರಿದ್ದು!"

"ದುಪಟ್ಟಾದ ಲೇಸಿಗಿ ಸಿಕ್ಕೊಂಡಿತ್ತು. ತಿರುಗಿ ಹೋಗೋವಾಗ ಬಸ್ಸಿನಾಗೇ ಸಿಕ್ತು."

"ಮತ್ತ ಅಷ್ಟು ಐತವಾರ ನೆಲ ಹುಡುಕಿದ್ದು?"

ಪ್ರಣಾಲಿಯ ಕಿವಿ ಕೆಂಪಾಯಿತು. ಮೈಕಿನಲ್ಲಿ ಊರಿಗೇ ಕೇಳುವಂತೆ ಮಾತಾಡುವವಳ ದನಿ ತನಗೇ ಕೇಳಿಸದಷ್ಟು ಸಣ್ಣದಾಯಿತು.

"ಕೊಟ್ಟುಬಿಟ್ಟಿದ್ರ, ಮುಂದಿನ ಐತವಾರ ಏನಂತ ಬರ್ತಿದ್ದೆ?"

ರತ್ನದೀಪನ ಮುಖದಲ್ಲಿ ನಗು ಮೆಲ್ಲಗೆ ಮೂಡಿತು.

"ಅದರ ಬದ್ಲಿ ನಾ ಮೇ ತಿಂಗಳದಾಗೇ ಕೈಯಿಂದ ಇನ್ನೊಂದು ಮಾಡಿ ಡಬ್ಬಿಯೊಳಗ ಇಟ್ಟಿದ್ದೆ. ಹೇಳಿದ್ರ ನೀವು ಹುಡುಕೂದು ಬಿಡ್ತೀರಿ ಅಂತ..."

ಇಬ್ಬರೂ ಕಳ್ಳರೇ! ನಗುತ್ತ ನಗುತ್ತ ಅವಳ ಕಣ್ಣು ತುಂಬಿ ಬಂತು.

"ಅಪ್ಪ ಮನಿಗಿ ಕರದಾರ. ನಿಮ್ಮ ಮುಖ ನೋಡಬೇಕಂತ... ಕೈಯಿಂದ."

"ಯಾಕಂತ?"

"ಅಳಿಯನ ಮುಖ ನೋಡಬ್ಯಾಡೇನು?"

ಅವನು ಅವಳನ್ನೇ ನೋಡಿದ. ಅವಳ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಅದನ್ನು ಕಂಡು, ತೊದಲುತ್ತ ಗೋಡೆಯ ಕಡೆ ನಡೆದ.

"ಸೆಕಿ ಅದ... ಫ್ಯಾನ್ ಹಚ್ಲೇನ್ರಿ?"

"ತಡೀರಿ."

ಪ್ರಣಾಲಿ ಹತ್ತಿರ ಬಂದು ಆ ಜಾಳಿಯನ್ನು ಅವನ ಅಂಗೈಯಲ್ಲಿಟ್ಟಳು. ಅವನ ಬೆರಳುಗಳನ್ನು ಒಂದೊಂದಾಗಿ ಮಡಚಿ, ಆ ಮುಷ್ಟಿಯನ್ನು ತನ್ನ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

"ಹೂಂ. ಈಗ ಹಚ್ರಿ."