ಅರ್ಧ ಮದ್ದಿನ ಮುಲಾಮು

“ಈ ಟ್ಯೂಬಲ್ಲಿ ಏನು ತುಂಬಿದ್ದೀರಿ? ನಿಜ ಹೇಳಿ!”

ಅವಳು ಬಾಗಿಲು ತಳ್ಳಿದ ರಭಸಕ್ಕೆ ಕಪಾಟಿನ ಗಾಜು ಅದುರಿತು. ಮುಲಾಮು ಬೆರೆಸುತ್ತಿದ್ದ ಫಾರ್ಮಸಿಸ್ಟ್ ತಲೆ ಎತ್ತಲೇ ಇಲ್ಲ. ಸಿಕ್ಕಿಬಿದ್ದವರೆಲ್ಲ ಹೀಗೆಯೇ, ಇಲ್ಲದ ಕೆಲಸ ಹುಡುಕಿಕೊಳ್ಳುತ್ತಾರೆ.

ಅವಳು ಚರ್ಮರೋಗಗಳ ಸಂಶೋಧಕಿ. ತಂಗಿಯ ಹಟಮಾರಿ ಇಸುಬಿಗೆಂದು ಹೊಸ ಮದ್ದು ಕಂಡುಹಿಡಿದು, ಇವನ ಕೈಯಲ್ಲಿ ಮುಲಾಮು ಮಾಡಿಸಿ, ಮೊದಲು ತನ್ನ ಮುಂಗೈಗೇ ಎಂಟು ವಾರ ಹಚ್ಚಿಕೊಂಡಿದ್ದಳು. ಉರಿಯಿಲ್ಲ, ಕೆಂಪಿಲ್ಲ ಎಂದು ಹಿಗ್ಗಿ ವರದಿಯನ್ನೂ ಬರೆದಿದ್ದಳು. ಈಗ ಉಳಿದ ಮುಲಾಮನ್ನು ಪರೀಕ್ಷಿಸಿದರೆ, ಅದರಲ್ಲಿ ಅವಳು ಹೇಳಿದ ಮದ್ದಿನ ಅರ್ಧವಷ್ಟೇ ಇತ್ತು.

“ಅರ್ಧನೇ ಹಾಕಿದ್ದೆ,” ಅವನು ಮೆಲ್ಲಗೆ ಹೇಳಿದ.

“ಯಾರನ್ನ ಕೇಳಿ? ನಾಳೆ ಇದನ್ನೇ ನಂಬಿ ನನ್ನ ತಂಗಿಗೆ ಪೂರ್ತಿ ಮದ್ದು ಹಚ್ಚೋಳಿದ್ದೆ! ಅವಳ ಚರ್ಮ ಸುಟ್ಟುಹೋಗಿದ್ರೆ?”

ಅವನ ಮುಖ ಬಿಳಿಚಿಕೊಂಡಿತು. ಅಷ್ಟು ದೂರ ಅವನು ಯೋಚಿಸಿಯೇ ಇರಲಿಲ್ಲ. ಅಂಗಿಯ ಎಡತೋಳು ಮೇಲಕ್ಕೆ ಮಡಚಿದ. ಮುಂಗೈ ಮೇಲೆ ಅಂಗೈಯಗಲದ ಕಪ್ಪು ಕಲೆ, ಅಂಚಿನಲ್ಲಿ ಇನ್ನೂ ಸುಲಿಯುತ್ತಿದ್ದ ಚರ್ಮ.

“ಮೊದಲು ನಾನು ಹಚ್ಚಿ ನೋಡಿದೆ. ಮೂರೇ ದಿನಕ್ಕೆ ಗುಳ್ಳೆ ಎದ್ವು. ಅದನ್ನ ನಿಮ್ಮ ಕೈಗೆ ಕೊಡೋಕೆ ಮನಸ್ಸಾಗಲಿಲ್ಲ.”

“ಹೇಳೋಕೆ ಏನಾಗಿತ್ತು?”

“ಹೇಳಿದ್ರೆ ಬಿಡ್ತಿದ್ರಾ? ಬೇರೆಯವರ ಹತ್ರ ಮಾಡಿಸ್ಕೊಂಡು ಹಚ್ಕೋತಿದ್ರಿ.”

ಅದು ನಿಜವಾಗಿತ್ತು. ನಿಜವಾದ್ದರಿಂದಲೇ ಅವಳಿಗೆ ಮೈಯೆಲ್ಲ ಉರಿದುಹೋಯಿತು.

“ಪ್ರೀತಿ ಇದ್ರೆ ಬಾಯಿಬಿಟ್ಟು ಹೇಳ್ಬೇಕು ರೀ! ಕಳ್ಳತನ ಮಾಡೋದಲ್ಲ!”

ಬಾಯಿಂದ ಬಿದ್ದ ಮಾತು ಅವಳಿಗೇ ಆಮೇಲೆ ಕೇಳಿಸಿತು. ಅವನು ಮೊದಲ ಬಾರಿಗೆ ಅವಳ ಕಣ್ಣಿಗೆ ಕಣ್ಣು ಕೊಟ್ಟ.

“ಇದೆ.”

“ಏನಿದೆ?”

“ನೀವೀಗ ಹೇಳಿದ್ರಲ್ಲ, ಅದೇ.”

ಅವಳು ಕಿಟಕಿಯತ್ತ ತಿರುಗಿ ಉಸಿರು ಬಿಟ್ಟಳು. ಕೋಪ ಇಳಿದಿರಲಿಲ್ಲ, ಆದರೆ ಕಿವಿ ಬಿಸಿಯಾಗಿತ್ತು. ಅವನ ಮಣಿಕಟ್ಟು ಹಿಡಿದು ಬೆಳಕಿಗೆ ಎಳೆದಳು. ಕಲೆಯ ಸುತ್ತ ಬೆರಳಾಡಿಸುವಾಗ ಮಾತ್ರ ಕೈ ತಾನಾಗಿ ಹಗುರಾಯಿತು.

“ವರದಿ ಹರಿದು ಹಾಕ್ತೀನಿ. ಹೊಸದರಲ್ಲಿ ನೀವೇ ಬರೀಬೇಕು. ಪೂರ್ತಿ ಮದ್ದು, ಮೂರು ದಿನ, ಗುಳ್ಳೆ. ಒಂದಕ್ಷರ ಮುಚ್ಚಿಡಬಾರದು.”

“ಬರೀತೀನಿ. ಕ್ಷಮಿಸಿದ್ರಾ?”

“ಎಂಟು ವಾರ ಸುಳ್ಳು ಹೇಳಿದ್ದೀರಿ. ಎಂಟು ವಾರ ಬೈತೀನಿ. ದಿನಾ ನನ್ನ ಲ್ಯಾಬಿಗೆ ಬಂದು ಬೈಸ್ಕೊಳ್ಳಿ.”

“ಭಾನುವಾರ ರಜೆ ಅಲ್ವಾ?”

“ಭಾನುವಾರ ಮನೆಗೆ ಬನ್ನಿ,” ಅವಳು ಇನ್ನೂ ಗಂಟುಮುಖದಲ್ಲೇ ಹೇಳಿದಳು. “ನನ್ನ ತಂಗಿಯೂ ಬೈಬೇಕು.”